ಶ್ರುತಪರಂಪರೆ ಮತ್ತು ಮರೆವಿನ ಲೆಕ್ಕ

ಭಗವಾನ್ ಮಹಾವೀರರ ನಿರ್ವಾಣಾನಂತರ ದ್ವಾದಶಾಂಗ ಶ್ರುತವು ಶತಮಾನಗಳ ಕಾಲ ಬರಹದ ಆಸರೆಯಿಲ್ಲದೆ, ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಸಾಗಿ ಬಂದಿತು. ಇದನ್ನು ನಾವು ಪೂರ್ವಾಚಾರ್ಯರ ಸ್ಮರಣಶಕ್ತಿಯ ಹೆಗ್ಗಳಿಕೆಯಾಗಿ ಹೇಳಿಕೊಳ್ಳುವುದುಂಟು. ಆದರೆ ದಿಗಂಬರ ಪರಂಪರೆಯ ಗ್ರಂಥಗಳು ಕೊಡುವುದು ಮರೆವಿನ ಲೆಕ್ಕವನ್ನು. ಮೂವರು ಕೇವಲಿಗಳ ಕಾಲ 62 ವರ್ಷ, ಐವರು ಶ್ರುತಕೇವಲಿಗಳದು 100, ಹನ್ನೊಂದು ಮಂದಿ ದಶಪೂರ್ವಧರರದು 183, ಐವರು ಏಕಾದಶಾಂಗಧರರದು 220, ನಾಲ್ವರು ಆಚಾರಾಂಗಧರರದು 118. ಒಟ್ಟು 683 ವರ್ಷ. ಪ್ರತಿ ಹಂತದಲ್ಲೂ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಮುಚ್ಚಿಡದೆ ಹೇಳಿದ್ದಾರೆ. ತನ್ನ ಆಗಮವು ಕ್ಷೀಣಿಸಿದ ಬಗೆಯನ್ನು ತಾನೇ ಎಣಿಸಿಟ್ಟ ಈ ಪ್ರಾಮಾಣಿಕತೆಯನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ.

ಒಬ್ಬ ಮನುಷ್ಯನ ಮರೆವನ್ನು ಮೊದಲು ಅಳೆದವನು ಜರ್ಮನಿಯ ಎಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದನು. ಒಂದು ಗಂಟೆಯೊಳಗೆ ಕಲಿಕೆಯ ಶ್ರಮದ ಅರ್ಧಕ್ಕಿಂತ ಹೆಚ್ಚು ಫಲ ಕಳೆದಿತ್ತು. ಒಂದು ದಿನದ ಬಳಿಕ ಮೂರರಲ್ಲೊಂದು ಪಾಲು ಉಳಿದಿತ್ತು. ಆದರೆ ತಿಂಗಳು ಕಳೆದರೂ ಐದರಲ್ಲೊಂದು ಪಾಲು ಹೋಗಿರಲಿಲ್ಲ. ಒಂದೇ ಸಲಕ್ಕೆ ಉರುಹೊಡೆದುದಕ್ಕಿಂತ ದಿನಗಳ ಮೇಲೆ ಹಂಚಿ ಆವರ್ತಿಸಿದ ಪಾಠ ಹೆಚ್ಚು ನಿಲ್ಲುತ್ತದೆಂದೂ ಅವನು ಕಂಡನು. ಸ್ವಾಧ್ಯಾಯದ ಐದು ಅಂಗಗಳಲ್ಲಿ ಆಮ್ನಾಯವೆಂಬ ಆವೃತ್ತಿಗೆ ಸ್ಥಾನವಿರುವುದನ್ನು ಇಲ್ಲಿ ನೆನೆಯಬಹುದು.

ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗದ ಬಹುಪಾಲನ್ನು ತೆಗೆಯಲಾಯಿತು. ಅವರ ಬಾಲ್ಯದ ನೆನಪುಗಳು ಉಳಿದವು. ಹೊಸದೊಂದು ಘಟನೆ ಮಾತ್ರ ಮನಸ್ಸಿನಲ್ಲಿ ನಿಲ್ಲದಾಯಿತು. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯನ್ನು ತಿದ್ದುವ ಅಭ್ಯಾಸದಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿತು; ಹಿಂದಿನ ದಿನ ಅದನ್ನು ಮಾಡಿದ್ದ ನೆನಪೇ ಅವರಿಗಿರಲಿಲ್ಲ. ಘಟನೆಯ ನೆನಪು ಬೇರೆ, ಅಭ್ಯಾಸದ ನೆನಪು ಬೇರೆಯೆಂದು ಇದರಿಂದ ಸ್ಪಷ್ಟವಾಯಿತು. ನಮ್ಮ ಮನೆಯ ಅಜ್ಜಿಯಂದಿರು ಭಕ್ತಾಮರದ ನಡುವೆ ತಡವರಿಸಿದರೆ ಮತ್ತೆ ಮೊದಲಿಂದಲೇ ಹಿಡಿಯುತ್ತಾರಲ್ಲವೆ? ನಾಲಗೆ ಬಲ್ಲ ದಾರಿ ಅದು. ತತ್ತ್ವಾರ್ಥಸೂತ್ರವು ಮತಿಜ್ಞಾನವನ್ನು ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ವಿಭಾಗಿಸುತ್ತದೆ. ಆಧುನಿಕ ಶೋಧ ಅದರಲ್ಲಿ ಮೊದಲೇ ಇತ್ತೆಂದು ಸಾಧಿಸಹೊರಡುವುದು ಸರಿಯಲ್ಲ; ನಿಶ್ಚಯವಾಗಿ ಅರಿಯುವುದೂ ಅರಿತುದನ್ನು ಉಳಿಸಿಕೊಳ್ಳುವುದೂ ಎರಡು ಬೇರೆ ಕ್ರಿಯೆಗಳೆಂಬ ವಿವೇಕ ಅಲ್ಲಿದೆಯೆಂದರೆ ಸಾಕು.

ಮರೆವಿಗಿಂತ ಅಪಾಯಕಾರಿಯಾದುದು ಇನ್ನೊಂದಿದೆ. ಕೇಂಬ್ರಿಜ್‌ನ ಬಾರ್ಟ್ಲೆಟ್ 1932ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಓದಿದ ಕಥೆಯನ್ನು ಮರಳಿ ಹೇಳುವವರು ತಮಗೆ ಅಪರಿಚಿತವಾದುದನ್ನು ಬಿಡುತ್ತಾರೆ, ಪರಿಚಿತವಾದುದನ್ನು ಸೇರಿಸುತ್ತಾರೆ. ತಾವು ಹಾಗೆ ಮಾಡಿದೆವೆಂಬ ಅರಿವೂ ಅವರಿಗಿರುವುದಿಲ್ಲ. ಬಸದಿಯ ಜಮೀನನ್ನು ಯಾರು ಬಿಟ್ಟರು, ಯಾವ ಪೂಜೆಗೆಂದು ಬಿಟ್ಟರು ಎಂದು ಟ್ರಸ್ಟಿನ ಸಭೆಯಲ್ಲಿ ಇಬ್ಬರು ಹಿರಿಯರು ಎರಡು ಬಗೆಯಾಗಿ ಹೇಳಿ, ಪರಸ್ಪರ ಸುಳ್ಳುಗಾರರೆಂದು ಜರೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಪ್ರಮತ್ತಯೋಗದಿಂದಾಡಿದ ಅಯಥಾರ್ಥ ವಚನವೇ ಅನೃತವೆನ್ನುವುದಾದರೆ, ಪರೀಕ್ಷಿಸದ ನೆನಪನ್ನು ಪ್ರಮಾಣವೆಂದು ಹಟ ಹಿಡಿಯುವುದು ಪ್ರಮಾದವೇ ಅಲ್ಲವೆ?

ಧರಸೇನಾಚಾರ್ಯರು ಇದನ್ನು ಬಲ್ಲವರಾಗಿದ್ದರು. ಧವಲಾ ಟೀಕೆಯಲ್ಲಿ ಆ ವೃತ್ತಾಂತವಿದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಅವರು, ತಮ್ಮ ಬಳಿಕ ಶ್ರುತವಿಚ್ಛೇದವಾದೀತೆಂಬ ಕಳವಳದಿಂದ ದಕ್ಷಿಣಾಪಥದ ಮುನಿಸಂಘಕ್ಕೆ ಓಲೆ ಕಳುಹಿಸಿದರು. ಬಂದ ಇಬ್ಬರು ಮುನಿಗಳಿಗೆ ಪಾಠ ಹೇಳುವ ಮೊದಲು ಒಂದೊಂದು ವಿದ್ಯೆಯನ್ನು ಕೊಟ್ಟು, ಎರಡು ದಿನದ ಉಪವಾಸದಿಂದ ಸಾಧಿಸಲು ತಿಳಿಸಿದರು. ಒಂದರಲ್ಲಿ ಅಕ್ಷರ ಅಧಿಕವಾಗಿತ್ತು, ಇನ್ನೊಂದರಲ್ಲಿ ಹೀನವಾಗಿತ್ತು. ಪ್ರತ್ಯಕ್ಷರಾದ ದೇವಿಯರಲ್ಲಿ ಒಬ್ಬಳಿಗೆ ಉಬ್ಬುಹಲ್ಲು, ಮತ್ತೊಬ್ಬಳಿಗೆ ಒಂದೇ ಕಣ್ಣು. ದೇವತೆಗಳಿಗೆ ವಿಕೃತಾಂಗ ಸ್ವಭಾವವಲ್ಲವೆಂದು ಯೋಚಿಸಿದ ಮುನಿಗಳು, ಮಂತ್ರವ್ಯಾಕರಣದಿಂದ ಹೆಚ್ಚಿನ ಅಕ್ಷರವನ್ನು ತೆಗೆದು, ಕೊರತೆಯಾದುದನ್ನು ಸೇರಿಸಿ ಮತ್ತೆ ಜಪಿಸಿದರು. ದೇವಿಯರು ಸಹಜ ರೂಪದಲ್ಲಿ ಕಾಣಿಸಿಕೊಂಡರು. ಕೊಟ್ಟುದನ್ನು ಕೊಟ್ಟಂತೆಯೇ ಒಪ್ಪಿಸುವ ಶಿಷ್ಯರನ್ನು ಗುರುಗಳು ಅರಸಲಿಲ್ಲ. ಸೇರಿದುದನ್ನೂ ಬಿಟ್ಟುದನ್ನೂ ಗುರುತಿಸಬಲ್ಲವರನ್ನು ಅರಸಿದರು.

ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ. ಪುಷ್ಪದಂತರು ವನವಾಸ ದೇಶದಲ್ಲಿ, ಎಂದರೆ ನಮ್ಮ ಬನವಾಸಿಯ ಸೀಮೆಯಲ್ಲಿ, ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿದರು. ಭೂತಬಲಿಗಳು ಷಟ್ಖಂಡಾಗಮವನ್ನು ಪೂರ್ಣಗೊಳಿಸಿದರು. ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುವುದು ಈ ಗ್ರಂಥದ ನೆನಪಿಗೆ.

ಮೂಡಬಿದಿರೆಯ ಸಿದ್ಧಾಂತ ಬಸದಿ ಕಾಪಾಡಿದ ತಾಡಪತ್ರಗಳ ನಕಲುಗಳಿಂದ, ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಅದರ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ನಕಲುಗಳಲ್ಲಿ ಬಿಟ್ಟುಹೋಗಿದೆಯೆಂದು ಸಂಪಾದಕರಿಗೆ ತೋರಿ, ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಆ ಪದದ ಸುತ್ತ ವಾದಗಳು ಬಹಳ ನಡೆದವು. ಕಡೆಗೆ ಮೂಡಬಿದಿರೆಯ ಮೂಲವನ್ನೇ ಬಿಚ್ಚಿ ನೋಡಿದಾಗ, ಪದವು ಅಲ್ಲಿತ್ತು.