ಶ್ವಾಸೋಚ್ಛ್ವಾಸ ಪ್ರಾಣವೂ ಶ್ವಾಸಕೋಶದ ಕಸಿಯೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಅದು ಕಾಳಾಮುಖ ಶೈವರ ಮಠ. ಆದರೂ ಅಲ್ಲಿ ಅನ್ನ ಪಡೆಯುತ್ತಿದ್ದವರಲ್ಲಿ ನಗ್ನ ಕ್ಷಪಣಕರೂ ಸೇರಿದ್ದರು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ, ಸಕಲ ಜೀವಿಗಳಿಗೆ ಅಭಯವೀಯುವ ಸ್ಥಾನವೆಂದು ಶಾಸನ ಅದನ್ನು ಹೊಗಳುತ್ತದೆ. ನಾವು ನಮ್ಮವೆಂದು ಹೇಳಿಕೊಳ್ಳುವ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳು ಅನ್ಯಮತೀಯರ ಅಂಗಳದಲ್ಲೂ ನಡೆದಿದ್ದವು.

ಅದೇ ಶಿಕಾರಿಪುರ, ಸೊರಬಗಳ ಶ್ರಾವಕ ಕುಟುಂಬಕ್ಕೆ ಇಂದು ಔಷಧದಾನವು ಬೇರೊಂದು ರೂಪದಲ್ಲಿ ಎದುರಾಗಬಹುದು. ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದ ಮಗನ ಶ್ವಾಸಕೋಶಗಳನ್ನು ಕೊಡುವಿರಾ ಎಂದು ವೈದ್ಯರು ಕೇಳಿದರೆ ಏನು ಹೇಳುವುದು? ನಾನು ವಾಣಿಜ್ಯ ಪದವೀಧರ, ಅಕ್ಕಿಯ ವ್ಯಾಪಾರಿ, ವೈದ್ಯನಲ್ಲ. ಓದಿ ತಿಳಿದಷ್ಟನ್ನು ನಿವೇದಿಸುತ್ತೇನೆ.

ಮನುಷ್ಯನಿಗೆ ಮೊದಲ ಶ್ವಾಸಕೋಶ ಕಸಿ ನಡೆದದ್ದು 1963ರ ಜೂನ್ 11ರಂದು, ಅಮೆರಿಕದ ಮಿಸಿಸಿಪಿಯಲ್ಲಿ. ವೈದ್ಯರು ಜೇಮ್ಸ್ ಹಾರ್ಡಿ. ರೋಗಿ ಜೀವಾವಧಿ ಶಿಕ್ಷೆಗೆ ಒಳಗಾಗಿದ್ದ ಬಂದಿ. ಆತ ಬದುಕಿದ್ದು 18 ದಿನ. ಸೆರೆಯಲ್ಲಿದ್ದವನ ಸಮ್ಮತಿ ಎಷ್ಟರಮಟ್ಟಿಗೆ ಸ್ವತಂತ್ರವಾದದ್ದು ಎಂಬ ಸಂದೇಹ ನನ್ನನ್ನು ಇಂದಿಗೂ ಕಾಡುತ್ತದೆ. ಮುಂದಿನ ಎರಡು ದಶಕಗಳಲ್ಲಿ ಕಸಿ ಪಡೆದ ಬಹುತೇಕರು ದಿನಗಳಲ್ಲಿ ಇಲ್ಲವೆ ವಾರಗಳಲ್ಲಿ ತೀರಿಕೊಂಡರು. ಶ್ವಾಸನಾಳದ ಹೊಲಿಗೆ ಕೂಡಿಕೊಳ್ಳದೆ ಬಿಟ್ಟುಹೋಗುತ್ತಿದ್ದುದು ಮುಖ್ಯ ಕಾರಣ. ಕೆನಡಾದ ಟೊರಾಂಟೊದಲ್ಲಿ ಜೋಯೆಲ್ ಕೂಪರ್ ಅವರು ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನೆಳೆದು ಆ ಹೊಲಿಗೆಗೆ ಸುತ್ತಿದರು. ದೇಹವು ಪರರ ಅಂಗವನ್ನು ತಿರಸ್ಕರಿಸದಂತೆ ಸೈಕ್ಲೊಸ್ಪೊರಿನ್ ಎಂಬ ಹೊಸ ಔಷಧವೂ ಒದಗಿತ್ತು. 1983ರಲ್ಲಿ ಅವರ ರೋಗಿ ಗುಣಹೊಂದಿ ಮನೆಗೆ ಹೋದರು. ಆರು ವರ್ಷಕ್ಕೂ ಹೆಚ್ಚು ಬಾಳಿದರು.

ನಮ್ಮ ದೇಶದಲ್ಲಿ ಅಂಗಾಂಗ ಕಸಿಯ ಕಾಯಿದೆ ಬಂದದ್ದು 1994ರಲ್ಲಿ. 2020ರ ಆಗಸ್ಟ್‌ನಲ್ಲಿ ಚೆನ್ನೈಯಲ್ಲಿ ಕೋವಿಡ್‌ನಿಂದ ಶ್ವಾಸಕೋಶ ಕೆಟ್ಟವರೊಬ್ಬರಿಗೆ ಎರಡೂ ಶ್ವಾಸಕೋಶಗಳ ಕಸಿ ನಡೆಯಿತು. ಆದರೆ ಕಸಿಯಾದರೆ ಎಲ್ಲವೂ ಮುಗಿಯಿತೆಂದಲ್ಲ. ವೆಚ್ಚ ಹತ್ತಾರು ಲಕ್ಷ, ಔಷಧ ಆಜೀವ. ಪ್ರತಿ ಉಸಿರಿನೊಡನೆ ಹೊರಗಿನ ಧೂಳು, ಸೋಂಕು ಒಳಸೇರುವುದರಿಂದ ಇತರ ಅಂಗಗಳಿಗಿಂತ ಇದಕ್ಕೆ ಅಪಾಯ ಹೆಚ್ಚು. ಜಾಗತಿಕ ಲೆಕ್ಕದಲ್ಲಿ ಕಸಿ ಪಡೆದವರ ಪೈಕಿ ಅರ್ಧದಷ್ಟು ಮಂದಿ ಮಾತ್ರ ಸುಮಾರು 6 ವರ್ಷ ದಾಟುತ್ತಾರೆ. ದಾನಿಗಳ ಶ್ವಾಸಕೋಶಗಳಲ್ಲಿ ಬಹುಪಾಲು ಬಳಕೆಗೆ ಯೋಗ್ಯವಾಗಿರುವುದಿಲ್ಲ. ಮೂತ್ರಪಿಂಡವು ಶೈತ್ಯದಲ್ಲಿ ಒಂದು ದಿನ ಕಾಯಬಲ್ಲದು; ಶ್ವಾಸಕೋಶಕ್ಕೆ ಸಾಮಾನ್ಯವಾಗಿ 6 ಗಂಟೆ. ಮಲೆನಾಡಿನಿಂದ ಬೆಂಗಳೂರಿನ ರಸ್ತೆಯೇ ಅಷ್ಟನ್ನು ನುಂಗುತ್ತದೆ. 2023ರಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ತೆರೆದದ್ದು ಈ ದೃಷ್ಟಿಯಿಂದಲೂ ಗಮನಾರ್ಹ.

ಇನ್ನು ನಮ್ಮವರ ಮುಖ್ಯ ಶಂಕೆ. ಸಂಜ್ಞಿ ಪಂಚೇಂದ್ರಿಯ ಜೀವಕ್ಕೆ ಹೇಳಿರುವ ದಶಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಒಂದು. ಎದೆ ಏರಿಳಿಯುತ್ತಿರುವಾಗ ಅಂಗ ತೆಗೆಯುವುದು ಹಿಂಸೆಯಲ್ಲವೇ? ಕಾಯಿದೆಯಂತೆ ನಾಲ್ವರು ವೈದ್ಯರು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಉಸಿರಾಟದ ಯಂತ್ರವನ್ನು ತಪ್ಪಿಸಿ, ರೋಗಿ ತಾನಾಗಿ ಉಸಿರೆಳೆಯಲು ಯತ್ನಿಸುವನೇ ಎಂದು ನೋಡುವುದು ಅದರಲ್ಲೊಂದು. ಯತ್ನವೇ ಇಲ್ಲದಿದ್ದರೆ ಕಾಣುತ್ತಿದ್ದ ಏರಿಳಿತ ಯಂತ್ರದ್ದು, ಆತನದಲ್ಲ. ಆಯುಃಪ್ರಾಣದ ಮಾತನ್ನು ಮಾತ್ರ ಯಾವ ಪರೀಕ್ಷೆಯೂ ಹೇಳಲಾರದು. ಅದನ್ನು ಮುನಿಗಳೂ ಪಂಡಿತರೂ ವಿಚಾರಿಸಬೇಕು.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಬಸದಿಯಲ್ಲಿ 10ನೆಯ ಶತಮಾನದ ಆರಂಭದಲ್ಲಿ ನಾಗರಖಂಡವನ್ನಾಳಿದ ಜಕ್ಕಿಯಬ್ಬೆ ವ್ಯಾಧಿಪೀಡಿತಳಾಗಿ ಸಲ್ಲೇಖನ ಕೈಗೊಂಡಳು. ಅಲ್ಲಿ ದೇಹ ಬಿಡುವವಳದೇ ನಿರ್ಧಾರ. ಮಿದುಳು ಸತ್ತವನಿಗೆ ಪ್ರಜ್ಞೆಯಿಲ್ಲ. ನಿರ್ಧಾರದ ಭಾರ ಮನೆಯವರ ಮೇಲೆ, ಅದೂ ಕೆಲವೇ ಗಂಟೆಗಳಲ್ಲಿ. ಆದುದರಿಂದ ಒಪ್ಪುವವರೂ ಒಪ್ಪದವರೂ ಪ್ರಜ್ಞೆಯಿರುವಾಗಲೇ ಮನೆಯಲ್ಲಿ ತಿಳಿಸಿಬಿಡುವುದು ಲೇಸು. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಈ ಕಾರ್ಯವನ್ನು ನೋಡಿಕೊಳ್ಳುತ್ತದೆ.

ಗಿರಣಿಯ ಧೂಳು ಕುಡಿದ ನನ್ನ ಶ್ವಾಸಕೋಶ ಯಾರಿಗೂ ಒಗ್ಗಲಾರದು, ಕಣ್ಣುಗಳಾದರೂ ಆದಾವು. ನಮೂನೆ ತುಂಬಿದ್ದೇನೆ. ಹಿರಿಯ ಮಗ ಸಾಕ್ಷಿ ಹಾಕಿದ್ದಾನೆ. ಮನೆಯವರು ಇನ್ನೂ ಯೋಚಿಸುತ್ತಿದ್ದಾರೆ.