ಎ ಹಿಲ್‌ಬಿಲಿ ಟ್ರಿಬ್ಯೂಟ್ ಟು ಎಸಿ/ಡಿಸಿ

ಎ ಹಿಲ್‌ಬಿಲಿ ಟ್ರಿಬ್ಯೂಟ್ ಟು ಎಸಿ/ಡಿಸಿ: ಅಮೆರಿಕದ ಹೇಸೀಡ್ ಡಿಕ್ಸಿ ತಂಡ 2001ರಲ್ಲಿ ಹೊರತಂದ ಗೌರವಾರ್ಪಣೆಯ ಆಲ್ಬಂ. ಆಸ್ಟ್ರೇಲಿಯದ ಎಸಿ/ಡಿಸಿ ತಂಡದ ಪ್ರಸಿದ್ಧ ಬ್ಲೂಸ್ ರಾಕ್ ಹಾಡುಗಳನ್ನು ಇದರಲ್ಲಿ ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು ಮತ್ತು ಅಕೂಸ್ಟಿಕ್ ಗಿಟಾರ್ ಹಿಡಿದು ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತ ಶೈಲಿಯಲ್ಲಿ ನುಡಿಸಲಾಗಿದೆ. ಗಾಯಕ ಜಾನ್ ವೀಲರ್ ಮುನ್ನಡೆಸಿದ ಈ ತಂಡದ ಹೆಸರೂ ಎಸಿ/ಡಿಸಿ ಎಂಬುದನ್ನೇ ಹಳ್ಳಿಗಾಡಿನ ನಾಲಿಗೆಯಲ್ಲಿ ನುಡಿದಂತಿದೆ. ಹೆಸರಿನ ಈ ಚೇಷ್ಟೆಯಿಂದಾಗಿ ಆಲ್ಬಂ ಬರಿಯ ತಮಾಷೆಯೆಂದು ತೋರುವುದು ಸಹಜ. ಆದರೆ ಎರಡೂ ಸಂಗೀತಗಳ ಚರಿತ್ರೆಯನ್ನು ಎದುರುಬದುರು ಇಟ್ಟು ನೋಡಿದರೆ, ಒಂದೇ ಬೇರಿನಿಂದ ಒಡೆದು ದೂರ ಹೋಗಿದ್ದ ಎರಡು ಕವಲುಗಳು ಇಲ್ಲಿ ಮತ್ತೆ ಕೂಡಿಕೊಂಡಿರುವುದು ಕಾಣುತ್ತದೆ.

ಆ ಬೇರು ಅಮೆರಿಕದ ಕಪ್ಪು ಜನರ ಬ್ಲೂಸ್. ಗ್ಲಾಸ್ಗೊದಲ್ಲಿ ಹುಟ್ಟಿ ವಲಸೆ ಬಂದ ಮಾಲ್ಕಮ್ ಮತ್ತು ಆಂಗಸ್ ಯಂಗ್ ಸಹೋದರರು 1973ರಲ್ಲಿ ಸಿಡ್ನಿಯಲ್ಲಿ ಎಸಿ/ಡಿಸಿಯನ್ನು ಕಟ್ಟಿದರು. 1975ರಲ್ಲಿ ಆಸ್ಟ್ರೇಲಿಯದಲ್ಲಿ ಬಿಡುಗಡೆಯಾದ ಅವರ ಮೊದಲ ಆಲ್ಬಂ ‘ಹೈ ವೋಲ್ಟೇಜ್’ ತೆರೆದುಕೊಳ್ಳುವುದೇ ಮಿಸಿಸಿಪಿಯ ಬಿಗ್ ಜೋ ವಿಲಿಯಮ್ಸ್ 1935ರಲ್ಲಿ ಧ್ವನಿಮುದ್ರಿಸಿದ್ದ ‘ಬೇಬಿ ಪ್ಲೀಸ್ ಡೋಂಟ್ ಗೋ’ ಎಂಬ ಬ್ಲೂಸ್ ಹಾಡಿನಿಂದ. ಬ್ಲೂಗ್ರಾಸ್‌ನ ಜನಕ ಬಿಲ್ ಮನ್ರೊ ಅವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕೆಂಟಕಿಯಲ್ಲಿ ಹುಡುಗನಾಗಿದ್ದಾಗ ಅವರು ಆರ್ನಾಲ್ಡ್ ಶುಲ್ಟ್ಸ್ ಎಂಬ ಕಪ್ಪು ಗಿಟಾರ್ ವಾದಕರ ಜತೆ ನುಡಿಸಿ ಬ್ಲೂಸ್‌ನ ಹದ ಕಲಿತರು. ಬ್ಲೂಗ್ರಾಸ್‌ನ ಗುರುತೇ ಆಗಿರುವ ಬ್ಯಾಂಜೊ ಕೂಡ, ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟ ಆಫ್ರಿಕನ್ನರ ಕೈಯಲ್ಲಿ ರೂಪುಗೊಂಡ ವಾದ್ಯ.

ಈ ನಂಟು ವಾದನದಲ್ಲಿಯೂ ಕಿವಿಗೆ ಬೀಳುತ್ತದೆ. 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ಹಾಡಿನ ಆರಂಭವನ್ನು ಗಮನಿಸಬಹುದು. ಇ, ಡಿ, ಎ ಎಂಬ ಮೂರು ಸ್ವರಮೇಳಗಳು, ನಡುವೆ ಲೆಕ್ಕ ಹಾಕಿ ಬಿಟ್ಟ ಮೌನ: ಹಾಡಿನ ಬೆನ್ನೆಲುಬು ಇಷ್ಟೇ. ವಿದ್ಯುತ್ ಗಿಟಾರಿನಲ್ಲಿ ಮೀಟಿದ ನಾದ ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಬ್ಯಾಂಜೊದ ನಾದ ಹುಟ್ಟಿದೊಡನೆ ಆರಿಹೋಗುವುದರಿಂದ ವಾದಕ ಆ ಜಾಗವನ್ನು ಸಣ್ಣ ಸಣ್ಣ ಮೀಟುಗಳಿಂದ ತುಂಬಬೇಕಾಗುತ್ತದೆ. 1945ರ ಕೊನೆಗೆ ಮನ್ರೊ ತಂಡ ಸೇರಿದ ಅರ್ಲ್ ಸ್ಕ್ರಗ್ಸ್ ಜನಪ್ರಿಯಗೊಳಿಸಿದ ಮೂರು ಬೆರಳಿನ ವಾದನಕ್ರಮ ಮಾಡುವುದು ಇದನ್ನೇ. ಸಾಂಪ್ರದಾಯಿಕ ಬ್ಲೂಗ್ರಾಸ್‌ನಲ್ಲಿ ಡ್ರಮ್ಸ್ ಇಲ್ಲ. ಮ್ಯಾಂಡೊಲಿನ್ ವಾದಕ ತಂತಿಗಳನ್ನು ಬಾರಿಸಿ ಒಡನೆಯೇ ಎಡಗೈಯ ಒತ್ತು ಸಡಿಲಿಸಿದಾಗ ನಾದ ಕತ್ತರಿಸಿ ‘ಟಕ್’ ಎಂಬ ಪೆಟ್ಟು ಮಾತ್ರ ಉಳಿಯುತ್ತದೆ. ಎರಡು ಮತ್ತು ನಾಲ್ಕನೆಯ ಎಣಿಕೆಗೆ ಬೀಳುವ ಈ ಪೆಟ್ಟು, ರಾಕ್ ಹಾಡಿನಲ್ಲಿ ಸ್ನೇರ್ ಡ್ರಮ್ ನಿಲ್ಲುವ ಜಾಗದಲ್ಲೇ ನಿಲ್ಲುತ್ತದೆ. ವಾದ್ಯಗಳೆಲ್ಲ ಬದಲಾದರೂ ಹಾಡಿನ ನಡೆ ಕೆಡದಿರುವುದಕ್ಕೆ ಕಾರಣ ಇದೇ.

ಅಬ್ಬರವೇ ಎಸಿ/ಡಿಸಿಯ ಜೀವ, ಅದನ್ನು ತೆಗೆದರೆ ಉಳಿಯುವುದೇನು ಎಂಬ ಆಕ್ಷೇಪವಿದೆ. ಅಬ್ಬರದಿಂದ ಬರುವ ಮೈನಡುಕ ಇಲ್ಲಿ ಸಿಗದು ಎಂಬುದನ್ನು ಒಪ್ಪಲೇಬೇಕು. ಆದರೆ ಬರೀ ಅಬ್ಬರದಿಂದ ನಿಂತ ಹಾಡಾಗಿದ್ದರೆ ಅಬ್ಬರದ ಜತೆಗೇ ಕುಸಿಯಬೇಕಿತ್ತು. ಇವು ಕುಸಿಯುವುದಿಲ್ಲ, ಅಬ್ಬರದಡಿ ಮುಚ್ಚಿಹೋಗಿದ್ದ ರಚನೆಯ ಮಿತವ್ಯಯ ಮೇಲೆ ಬರುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ‘ಹಿಲ್‌ಬಿಲಿ’ ಎಂಬುದು ಅಪಲಾಚಿಯ ಬೆಟ್ಟಸೀಮೆಯ ಬಡವರನ್ನು ಹೀಗಳೆದ ಪದ, ಅದನ್ನು ಮಾರಾಟಕ್ಕಿಡುವುದು ಸರಿಯೆ? ಪದದ ಮೊನಚು ನಿಜ. ಆದರೂ ಈ ತಂಡದಲ್ಲಿ ಬಹುಕಾಲ ನುಡಿಸಿದ ಡಾನ್ ವೇಯ್ನ್ ರೀನೊ ಮತ್ತು ಡೇಲ್ ರೀನೊ, ಬ್ಲೂಗ್ರಾಸ್‌ನ ಹಿರಿಯ ಬ್ಯಾಂಜೊ ವಾದಕ ಡಾನ್ ರೀನೊ ಅವರ ಮಕ್ಕಳು. ಹೊರಗೆ ನಿಂತು ಅಣಕಿಸಿದವರಲ್ಲ. ತಂಡ ತನ್ನ ಹುಟ್ಟಿನ ಬಗ್ಗೆ ಕಟ್ಟಿಕೊಂಡ ಕಥೆಯೂ ಇದಕ್ಕೆ ಪೂರಕವಾಗಿದೆ. ಡಿಯರ್ ಲಿಕ್ ಹಾಲರ್ ಎಂಬ ಬೆಟ್ಟದ ಕಣಿವೆಯಲ್ಲಿ ಅಪರಿಚಿತನೊಬ್ಬನ ಕಾರು ಅಪಘಾತಕ್ಕೀಡಾಗುತ್ತದೆ, ಅದರಲ್ಲಿದ್ದ ಎಸಿ/ಡಿಸಿಯ ಗ್ರಾಮಾಫೋನ್ ತಟ್ಟೆಗಳನ್ನು ಕೇಳಿದ ಊರವರು ಇದು ಸೊಗಸಾದ ಕಂಟ್ರಿ ಸಂಗೀತವೆಂದು ತಲೆದೂಗುತ್ತಾರೆ. ಕಥೆ ಕಟ್ಟಿದ್ದೇ ಇರಬಹುದು. ಆದರೆ ಅದರಲ್ಲಿ ಬೆಟ್ಟದ ಜನ ದಡ್ಡರಲ್ಲ. ಕೇಳಿದ ಹಾಡು ತಮ್ಮದೇ ಬಳಗದ್ದೆಂದು ಗುರುತಿಸಿದವರು ಅವರೇ. ಬಿಗ್ ಜೋ ವಿಲಿಯಮ್ಸ್, ಆರ್ನಾಲ್ಡ್ ಶುಲ್ಟ್ಸ್ ಇಬ್ಬರನ್ನೂ ನೆನೆದರೆ, ಆ ಬೆಟ್ಟದ ಜನರ ಕಿವಿ ತಪ್ಪಲಿಲ್ಲವೆಂದೇ ಹೇಳಬೇಕಾಗುತ್ತದೆ.