ವೋಲ್ಟ್ರಿಯ 30 ದಿನಗಳು
ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್ 1962ರಲ್ಲಿ ಇಟಲಿಯ ಜಿನೋವಾ ಬಳಿಯ ವೋಲ್ಟ್ರಿಗೆ ಬಂದಾಗ ಅಲ್ಲಿನ ಉಕ್ಕಿನ ಕಾರ್ಖಾನೆ ಬಾಗಿಲು ಮುಚ್ಚಿತ್ತು. ಅವರನ್ನು ಕರೆಸಿದ್ದ ಸ್ಪೊಲೆಟೊ ನಗರದ ಕಲಾ ಉತ್ಸವದವರು ಕೇಳಿದ್ದು ಒಂದೆರಡು ಶಿಲ್ಪ. ಸ್ಮಿತ್ 30 ದಿನಗಳಲ್ಲಿ ಮಾಡಿದ್ದು 27!

ಕಾರ್ಮಿಕರು ಬಿಟ್ಟುಹೋದ ಇಕ್ಕಳ, ಗಾಲಿ, ಉಕ್ಕಿನ ತಗಡಿನ ಚೂರುಗಳೇ ಸಾಮಗ್ರಿ. ಯೌವನದಲ್ಲಿ ಸ್ಟುಡ್‌ಬೇಕರ್ ಕಾರು ಕಾರ್ಖಾನೆಯಲ್ಲಿ ದುಡಿದ ಸ್ಮಿತ್‌ಗೆ ಲೋಹ ಹೊಸದಲ್ಲ. ಕಲ್ಲಿನ ಶಿಲ್ಪಿ ಬೇಡದ್ದನ್ನು ಕೆತ್ತಿ ತೆಗೆಯುತ್ತಾನೆ; ಇಲ್ಲಿ ತುಂಡಿಗೆ ತುಂಡು ಬೆಸೆದು ರೂಪ ಬೆಳೆಯುತ್ತದೆ. ಇಕ್ಕಳ ಕರಗಿಲ್ಲ, ಮರೆಯಾಗಿಲ್ಲ, ಇಕ್ಕಳವಾಗಿಯೇ ನಿಂತಿದೆ. ಈ ಸರಣಿಯ ನಿಜವಾದ ಸೊಗಸು ಅದೇ. ಒಂದರಲ್ಲಂತೂ ಕೆಲಸದ ಮೇಜೇ ಶಿಲ್ಪ.

ಬಳಿಕ ಈ ಶಿಲ್ಪಗಳು ಸ್ಪೊಲೆಟೊದ ಪುರಾತನ ರೋಮನ್ ರಂಗಮಂದಿರದ ಕಲ್ಲಿನ ಮೆಟ್ಟಿಲುಗಳನ್ನೇರಿದವು. ಉಳಿದ ಹತಾರಗಳನ್ನು ಸ್ಮಿತ್ ನ್ಯೂಯಾರ್ಕ್ ರಾಜ್ಯದ ಬೋಲ್ಟನ್ ಲ್ಯಾಂಡಿಂಗ್‌ನ ತಮ್ಮ ಕಾರ್ಯಾಗಾರಕ್ಕೆ ತರಿಸಿಕೊಂಡು, ಮತ್ತೊಂದು ಸರಣಿ ಆರಂಭಿಸಿದರು.